ಈಡಿಪಸ್ ನಾಟಕದ ಕೊಲೆ ಕೇಸು ಮುಗಿಯಿತಾ? ಆ ಒಂದು ಪ್ರಶ್ನೆ ಎಲ್ಲಿ ಹೋಯಿತು?

ಹಳ್ಳಿ ಓದುಗಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಒಂದು ಅನುಮಾನ ಮೂರು ದಿನದಿಂದ ತಲೆ ತಿನ್ನುತ್ತಾ ಇದೆ. ಇಲ್ಲಿ ನಾಟಕ ಓದಿದವರೂ ಕೋರ್ಟು ಕಚೇರಿ ನೋಡಿದವರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಅಪ್ಪಯ್ಯನಿಗೆ ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿದೆವು. ಸ್ವಲ್ಪ ದಿನ ಓದುವುದು ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಅಪ್ಪಯ್ಯ ಪತ್ತೇದಾರಿ ಕಾದಂಬರಿ ಓದುತ್ತಲೇ ಎಪ್ಪತ್ತು ದಾಟಿದವರು. ಕೊನೆಕೊಯ್ಲಿನ ಗಡಿಬಿಡಿಯಲ್ಲೂ ರಾತ್ರಿ ಹತ್ತು ಪುಟ ಆಗಲೇಬೇಕು. ಈಗ ಮಳೆ ಜೋರು, ಕರೆಂಟು ಬಂದರೆ ಬಂತು ಇಲ್ಲದಿದ್ದರೆ ಇಲ್ಲ, ಅವರು ಸುಮ್ನೆ ಗೋಡೆ ನೋಡುತ್ತಾ ಕೂರುವುದನ್ನು ನೋಡಲಿಕ್ಕೆ ನನಗೆ ಆಗಲಿಲ್ಲ. ಮನೆಯಲ್ಲಿದ್ದ ಪತ್ತೇದಾರಿಗಳೆಲ್ಲ ಅವರು ಓದಿ ಮುಗಿಸಿದವು. ನನ್ನ ಕಾಲೇಜಿನ ಕಾಲದ ಪುಸ್ತಕಗಳಲ್ಲಿ ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಬರೆದ, ಲಂಕೇಶರು ಅನುವಾದ ಮಾಡಿದ 'ದೊರೆ ಈಡಿಪಸ್' ನಾಟಕ ಸಿಕ್ಕಿತು. ಅದನ್ನೇ ಗಟ್ಟಿಯಾಗಿ ಓದತೊಡಗಿದೆ. ನನಗೆ ಕಥೆ ಗೊತ್ತಿತ್ತು. ಅಪ್ಪಯ್ಯನಿಗೆ ಒಂದಿಷ್ಟೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಶುರುವಿನಲ್ಲೇ ಥೀಬ್ಸ್ ಊರಿಗೆ ರೋಗ ಬಂದಿದೆ. ಬೆಳೆ ಇಲ್ಲ, ದನಗಳು ಸಾಯುತ್ತಿವೆ, ಬಸುರಿಯರಿಗೆ ಮಕ್ಕಳು ಉಳಿಯುತ್ತಿಲ್ಲ. ದೊರೆ ಈಡಿಪಸ್ ತನ್ನ ಹೆಂಡತಿಯ ತಮ್ಮ ಕ್ರೆಯಾನ್‌ನನ್ನು ಡೆಲ್ಫಿಗೆ ಕಳಿಸಿ ದೇವರಲ್ಲಿ ಪ್ರಶ್ನೆ ಕೇಳಿಸುತ್ತಾನೆ. ಹಿಂದಿನ ದೊರೆ ಲಾಯಸ್‌ನನ್ನು ಕೊಂದವನು ಇದೇ ನೆಲದಲ್ಲಿದ್ದಾನೆ, ಅವನನ್ನು ಹೊರಗೆ ಹಾಕಿ ಎಂದು ಉತ್ತರ ಬರುತ್ತದೆ. ಇಷ್ಟು ಕೇಳಿದ್ದೇ ಅಪ್ಪಯ್ಯ ಕಂಬಳಿ ಸರಿ ಮಾಡಿಕೊಂಡು ಎದ್ದು ಕುಳಿತರು. "ಇದು ಪತ್ತೇದಾರಿಯೇ ಅಲ್ವನೇ ತಂಗಿ" ಎಂದರು. ಅಲ್ಲಿಂದ ಮುಂದೆ ಓದಿದ್ದು ನಾನು, ತನಿಖೆ ಮಾಡಿದ್ದು ಅವರು.

ಲಾಯಸ್ ಜೊತೆ ಹೋದವರಲ್ಲಿ ಒಬ್ಬ ಮಾತ್ರ ತಪ್ಪಿಸಿಕೊಂಡು ಬಂದಿದ್ದಾನೆ, ದರೋಡೆಕೋರರ ಗುಂಪು ಮೇಲೆ ಬಿದ್ದು ಕೊಂದಿತು ಎಂದು ಅವನು ಹೇಳಿದ್ದಾನೆ. ಅಪ್ಪಯ್ಯ ತಕ್ಷಣ, "ಕಣ್ಣಾರೆ ಕಂಡವ ಬದುಕಿದ್ದಾನಲ್ಲ, ಮೊದಲು ಅವನನ್ನು ಕರೆಸಬೇಕು" ಎಂದರು. ಈಡಿಪಸ್ ಕರೆಸುವುದಿಲ್ಲ. ಬದಲಿಗೆ ಕುರುಡ ಜೋಯಿಸ ಟೈರೀಸಿಯಸ್ ಬರುತ್ತಾನೆ. ಅವನು ಬಾಯಿ ಬಿಡಲು ಒಪ್ಪುವುದಿಲ್ಲ, ಒತ್ತಾಯ ಮಾಡಿದ ಮೇಲೆ ನೀನೇ ಕೊಲೆಗಾರ ಎಂದು ಮುಖಕ್ಕೇ ಹೇಳುತ್ತಾನೆ. ಈಡಿಪಸ್‌ಗೆ ಸಿಟ್ಟು ಬರುತ್ತದೆ. ಇದೆಲ್ಲ ಕ್ರೆಯಾನ್ ಹೂಡಿದ ಸಂಚು ಎನ್ನುತ್ತಾನೆ. ಅಪ್ಪಯ್ಯ ಜೋಯಿಸನ ಮಾತನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಇಷ್ಟು ಬೇಗ ಹೆಸರು ಹೇಳಿದರೆ ಅದು ದಾರಿ ತಪ್ಪಿಸಲಿಕ್ಕೇ ಇರಬೇಕು ಎಂದರು. ಪತ್ತೇದಾರಿ ಓದುವವರು ಹಾಗೇ ಯೋಚಿಸುತ್ತಾರೆ.

ಆಮೇಲೆ ರಾಣಿ ಜೊಕಾಸ್ಟಾ ಗಂಡನಿಗೆ ಸಮಾಧಾನ ಹೇಳುವ ಜಾಗ. ಜೋಯಿಸರ ಮಾತು ನಂಬಬೇಡ, ಲಾಯಸ್ ಮಗನಿಂದ ಸಾಯುತ್ತಾನೆ ಎಂದಿದ್ದರು, ಆ ಮಗುವನ್ನು ಹುಟ್ಟಿ ಮೂರು ದಿನ ಆಗುವ ಮೊದಲೇ ಕಾಲಿನ ಗಂಟು ಬಿಗಿದು ಬೆಟ್ಟಕ್ಕೆ ಹಾಕಿಸಿದೆವು, ಲಾಯಸ್ ಸತ್ತದ್ದು ದರೋಡೆಕೋರರಿಂದ, ಮೂರು ದಾರಿ ಕೂಡುವಲ್ಲಿ ಎನ್ನುತ್ತಾಳೆ. ಮೂರು ದಾರಿ ಎಂಬ ಮಾತು ಬಂದದ್ದೇ ಈಡಿಪಸ್ ಗಾಬರಿಯಾಗುತ್ತಾನೆ, ಹಿಂದೆ ಅಂಥದೇ ಜಾಗದಲ್ಲಿ ಜಗಳವಾಗಿ ಅವನು ಒಬ್ಬ ಮುದುಕನನ್ನು ಕೊಂದಿದ್ದ. ಅಪ್ಪಯ್ಯ "ಇವನೇ" ಎಂದರು. ಮತ್ತೆ ಒಂದು ಗಳಿಗೆ ಬಿಟ್ಟು, "ಆದರೆ ಹಲವರು ಅಂದಿದ್ದಾನಲ್ಲ ಆ ಆಳು" ಎಂದರು. ಈಡಿಪಸ್ ಕೂಡ ಅದನ್ನೇ ಹಿಡಿದುಕೊಳ್ಳುತ್ತಾನೆ. ಆ ಆಳು ಈಗಲೂ ಹಲವರು ಎಂದರೆ ನಾನು ಕೊಂದವನಲ್ಲ, ಒಬ್ಬ ಹಲವರಾಗಲು ಸಾಧ್ಯವಿಲ್ಲ, ಒಬ್ಬನೇ ಎಂದರೆ ನಾನೇ. ಇಡೀ ಕೇಸು ಆ ಒಂದು ಉತ್ತರದ ಮೇಲೆ ನಿಂತಿತು. ಆಳು ಈಗ ದೂರದ ಬೆಟ್ಟದಲ್ಲಿ ದನಕುರಿ ಕಾಯುತ್ತಿದ್ದಾನೆ, ಹಿಂದೆ ಅವನೇ ರಾಣಿಯ ಕೈ ಹಿಡಿದು ಬೇಡಿಕೊಂಡು ಅಲ್ಲಿಗೆ ಹೋದದ್ದು. ಅವನನ್ನು ಕರೆತರಲು ಜನ ಹೋಗುತ್ತಾರೆ. ಆ ರಾತ್ರಿ ಓದು ಅಲ್ಲಿಗೆ ನಿಲ್ಲಿಸಿದೆ. ಅಪ್ಪಯ್ಯನಿಗೆ ನಿದ್ದೆ ಬರಲಿಲ್ಲವಂತೆ.

ಮರುದಿನ ಆಳು ಬಂದ. ಅಷ್ಟರಲ್ಲಿ ಈಡಿಪಸ್ ಬೆಳೆದ ಊರಾದ ಕೊರಿಂಥದಿಂದ ಬಂದ ಮುದುಕನೊಬ್ಬ ಬೇರೆಯದೇ ಸುದ್ದಿ ಎತ್ತಿರುತ್ತಾನೆ, ಹಾಗಾಗಿ ಆಳಿನ ಹತ್ತಿರ ಕೇಳುವುದೆಲ್ಲ ಆ ಮಗುವಿನ ವಿಷಯ. ಮಗು ಯಾರದು, ಯಾರು ಕೊಟ್ಟರು. ಕೊನೆಗೆ ಬೆಟ್ಟಕ್ಕೆ ಹಾಕಿಸಿದ ಆ ಮಗುವೇ ಈಡಿಪಸ್, ಮದುವೆಯಾದದ್ದು ಹೆತ್ತ ತಾಯಿಯನ್ನೇ ಎಂದು ಎಲ್ಲ ಹೊರಬಿದ್ದು ರಾಣಿ ನೇಣು ಹಾಕಿಕೊಳ್ಳುತ್ತಾಳೆ. ಈಡಿಪಸ್ ತನ್ನ ಕಣ್ಣು ತಾನೇ ಚುಚ್ಚಿಕೊಳ್ಳುವ ಜಾಗ ಬಂದಾಗ ನನಗೆ ಬಾಯಿ ಬರಲಿಲ್ಲ. ಎದುರಿಗೆ ಕಪ್ಪು ಕನ್ನಡಕ ಹಾಕಿಕೊಂಡು ಅಪ್ಪಯ್ಯ ಕುಳಿತಿದ್ದಾರೆ. ಅವರೇ "ಓದು" ಎಂದರು.

ಮುಗಿದ ಮೇಲೆ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಇದು: "ಒಬ್ಬನೋ ಹಲವರೋ ಎಂದು ಅವನನ್ನು ಕೇಳಲೇ ಇಲ್ಲವಲ್ಲ. ನೀನು ಪುಟ ಬಿಟ್ಟೆಯಾ?" ಟಾರ್ಚು ಹಿಡಿದು ಹುಡುಕಿದೆ. ಇಲ್ಲ. ಎಲ್ಲಿಯೂ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಮೂಲದಲ್ಲೇ ಇಲ್ಲವಾ, ಅನುವಾದದಲ್ಲಿ ಬಿಟ್ಟು ಹೋಗಿದೆಯಾ? ಮೂಲದಲ್ಲೇ ಇಲ್ಲದಿದ್ದರೆ ಈಡಿಪಸ್ ಕೊಂದದ್ದು ಸಾಬೀತಾಯಿತು ಎನ್ನುವುದು ಹೇಗೆ? ಮತ್ತೆ, ಇದನ್ನು ಪತ್ತೇದಾರಿ ಎಂದು ಓದುವುದು ಸರಿಯಾ? ಆ ಕಾಲದ ಜನರಿಗೆ ಕೊಲೆಗಾರ ಯಾರೆಂದು ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಅಪ್ಪಯ್ಯನಿಗೆ ಗೊತ್ತಿರಲಿಲ್ಲ, ಅವರಿಗೆ ಸಿಕ್ಕಿದ ಓದು ನನಗೆ ಸಿಗಲೇ ಇಲ್ಲ ಎಂದು ನನಗೆ ಹೊಟ್ಟೆಕಿಚ್ಚೂ ಆಗಿದೆ.

ಹಳೇ ವಕೀಲ, ಕಾರವಾರ

ತಂಗೀ, ನೀನು ಪುಟ ಬಿಟ್ಟಿಲ್ಲ. ನಾನು ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಅನುವಾದ ಓದಿದ್ದೇನೆ, ಎರಡರಲ್ಲೂ ಆ ಪ್ರಶ್ನೆ ಇಲ್ಲ. ನಿನ್ನ ಅಪ್ಪಯ್ಯನಂಥವರು ನಮ್ಮ ಕಡೆ ಜೂನಿಯರ್ ಆಗಿ ಸಿಕ್ಕಿದ್ದರೆ ನನ್ನ ಅರ್ಧ ಕೆಲಸ ಹಗುರ ಆಗುತ್ತಿತ್ತು.

ನಲವತ್ತು ವರ್ಷ ಕೇಸು ನಡೆಸಿದವನಾಗಿ ಈ ಫೈಲನ್ನು ಬಿಚ್ಚಿ ನೋಡುತ್ತೇನೆ. ಈಡಿಪಸ್ ವಿರುದ್ಧ ಇರುವುದು ಏನು? ಜಾಗ ಸರಿಹೊಂದುತ್ತದೆ. ಫೋಕಿಸ್ ಎಂಬ ಸೀಮೆಯಲ್ಲಿ ಡೆಲ್ಫಿಯ ದಾರಿಯೂ ಡೌಲಿಸ್ ದಾರಿಯೂ ಕೂಡುವ ಕತ್ರಿ. ಕಾಲ ಸರಿಹೊಂದುತ್ತದೆ, ಅವನು ಪಟ್ಟಕ್ಕೆ ಬರುವುದಕ್ಕೆ ಸ್ವಲ್ಪ ಮೊದಲು. ಜನದ ಲೆಕ್ಕವೂ ಸರಿ. ಲಾಯಸ್ ಸೇರಿ ಒಟ್ಟು ಐದು ಜನ, ಮುಂದೆ ಹೋಗುವ ದೂತ, ಒಂದೇ ಗಾಡಿ. ಈಡಿಪಸ್ ಕಂಡದ್ದೂ ಗಾಡಿ, ದೂತ, ಒಳಗೆ ಕುಳಿತ ಮುದುಕ. ಲಾಯಸ್ ಎತ್ತರದ ಆಳು, ಕೂದಲು ಆಗಷ್ಟೇ ಬೆಳ್ಳಗಾಗುತ್ತಿತ್ತು, ನೋಡಲು ಸುಮಾರಾಗಿ ನಿನ್ನ ಹಾಗೇ ಇದ್ದ ಎಂದು ರಾಣಿ ಹೇಳುತ್ತಾಳೆ. ಆ ಕೊನೆಯ ಮಾತನ್ನು ಅವಳು ಹೇಳುವಾಗ ಅವಳಿಗೇ ಅದರ ಅರ್ಥ ಗೊತ್ತಿಲ್ಲ.

ಜಗಳದ ಕಾರಣವೂ ನಂಬುವ ಹಾಗೆ ಇದೆ. ದಾರಿ ಬಿಡುವ ಜಗಳ. ದೇವಿಮನೆ ಘಾಟಿನಲ್ಲಿ ತಿರುವಿನ ಮೇಲೆ ಎರಡು ಗಾಡಿ ಎದುರುಬದುರಾಗಿ, ಹಿಂದೆ ತಗೊಳ್ಳುವುದು ಯಾರು ಎಂದು ಶುರುವಾದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಇವನನ್ನು ದಾರಿಯಿಂದ ದೂಡಿದರು, ಇವನು ಗಾಡಿ ಹೊಡೆಯುವವನಿಗೆ ಹೊಡೆದ, ಮುದುಕ ತಿವಿಗೋಲಿನಿಂದ ಇವನ ತಲೆಗೆ ಬಾರಿಸಿದ, ಇವನು ಕೈಯಲ್ಲಿದ್ದ ದೊಣ್ಣೆಯಿಂದ ಮುದುಕನನ್ನು ಗಾಡಿಯಿಂದ ಕೆಡವಿದ. ಮೊದಲು ಮೈಮೇಲೆ ಬಂದವರು ಅವರು. ಆದರೆ ಆಮೇಲೆ ಎಲ್ಲರನ್ನೂ ಕೊಂದೆ ಎನ್ನುತ್ತಾನಲ್ಲ, ಅಲ್ಲಿ ಆತ್ಮರಕ್ಷಣೆಯ ವಾದ ಬಿದ್ದು ಹೋಗುತ್ತದೆ.

ಈಗ ಇನ್ನೊಂದು ಕಡೆ. ಪ್ರತ್ಯಕ್ಷ ಸಾಕ್ಷಿ ಹಲವರು ಎಂದಿದ್ದಾನೆ, ಅದನ್ನು ಇಡೀ ಊರು ಕೇಳಿದೆ, ಈಗ ಮಾತು ಬದಲಿಸಲಾರ ಎಂದು ರಾಣಿಯೇ ಹೇಳುತ್ತಾಳೆ. ಈಡಿಪಸ್ ತಾನು ಎಲ್ಲರನ್ನೂ ಕೊಂದೆ ಎಂದುಕೊಂಡಿದ್ದಾನೆ, ಇಲ್ಲಿ ಒಬ್ಬ ಉಳಿದಿದ್ದಾನೆ. ಲೆಕ್ಕ ತಾಳೆಯಾಗುವುದಿಲ್ಲ. ಸಾಕ್ಷಿ ಕಟಕಟೆಗೆ ಬಂದಾಗ ಅವನನ್ನು ಕರೆಸಿದ ವಿಷಯವನ್ನೇ ಕೇಳುವುದಿಲ್ಲ. ಕೇಳಿದ್ದನ್ನೂ ಕೈ ಹಿಂದಕ್ಕೆ ತಿರುಚಿಸಿ ಹೇಳಿಸುತ್ತಾರೆ. ಅಂಥ ಹೇಳಿಕೆಗೆ ಯಾವ ಬೆಲೆ? ತನಿಖೆ ಮಾಡಿದವನು, ತೀರ್ಪು ಕೊಟ್ಟವನು, ಆರೋಪಿ, ಮೂವರೂ ಒಬ್ಬನೇ. ತನ್ನ ಕೇಸಿಗೆ ತಾನೇ ನ್ಯಾಯಾಧೀಶ ಆಗಬಾರದು ಎಂಬುದು ನಮ್ಮಲ್ಲಿ ಮೊದಲ ಪಾಠ.

ನನ್ನ ಅಭಿಪ್ರಾಯ ಸ್ಪಷ್ಟ. ಅವನು ಯಾರ ಮಗ ಎಂಬುದು ಸಾಬೀತಾಗಿದೆ, ಯಾಕೆಂದರೆ ಬೇರೆ ಬೇರೆ ಎರಡು ಊರಿನ ಇಬ್ಬರು ಒಂದೇ ಮಾತು ಹೇಳಿದ್ದಾರೆ, ಜೊತೆಗೆ ಕಾಲಿನ ಗಾಯದ ಗುರುತಿದೆ. ಕೊಲೆ ಸಾಬೀತಾಗಿಲ್ಲ. ನಾನು ಅವನ ವಕೀಲನಾಗಿದ್ದರೆ ಸಂಶಯದ ಲಾಭ ಕೇಳುತ್ತಿದ್ದೆ, ಸಿಗುತ್ತಿತ್ತು ಕೂಡ. ಆ ಮನುಷ್ಯ ಸಾಕ್ಷಿಯ ಉತ್ತರಕ್ಕೆ ಕಾಯದೆ ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡದ್ದು ನನಗೆ ಪ್ರತಿ ಸಲವೂ ಸಂಕಟ ಕೊಡುತ್ತದೆ.

ಕುಮಟಾ ಮಾಸ್ತರು

ವಕೀಲರ ಫೈಲು ಚೆನ್ನಾಗಿದೆ, ತೀರ್ಪು ಒಪ್ಪುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಓದುಗಿಯವರೇ, ಅನುವಾದದ ತಪ್ಪಲ್ಲ, ಗ್ರೀಕ್ ಮೂಲದಲ್ಲೇ ಆ ಪ್ರಶ್ನೆ ಇಲ್ಲ. ನಾಟಕ ಸುಮಾರು 1,530 ಸಾಲು ಇದೆ. ನಿಮ್ಮ ಅಪ್ಪಯ್ಯನವರಿಗೆ ಇಷ್ಟವಾಗುವ ಒಂದು ಸಂಗತಿ ಶುರುವಿನಲ್ಲೇ ಇದೆ. ಕ್ರೆಯಾನ್ ಹೇಳುವುದು 'ದರೋಡೆಕೋರರು', ಒಬ್ಬನ ಬಲವಲ್ಲ ಹಲವು ಕೈ ಎಂದು ಒತ್ತಿ ಹೇಳುತ್ತಾನೆ. ಮರುಸಾಲಿನಲ್ಲೇ ಈಡಿಪಸ್ 'ದರೋಡೆಕೋರ' ಎಂದು ಏಕವಚನದಲ್ಲಿ ಕೇಳುತ್ತಾನೆ, ಇಲ್ಲಿಂದ ಯಾರಾದರೂ ದುಡ್ಡು ಕೊಡದೆ ಅವನಿಗೆ ಅಷ್ಟು ಧೈರ್ಯ ಹೇಗೆ ಬಂತು ಎಂದು. ಎರಡು ಸಾಲಿನ ಅಂತರದಲ್ಲಿ ಹಲವರು ಒಬ್ಬನಾದರು. ಅವನಿಗೆ ಅದು ಗೊತ್ತೇ ಆಗಲಿಲ್ಲ, ಎದುರಿಗಿದ್ದವರಿಗೂ ಗೊತ್ತಾಗಲಿಲ್ಲ. ಆ ಸಾಲಿನಲ್ಲಿ ನನಗೆ ಕಾಣುವುದು ಇನ್ನೂ ಒಂದಿದೆ. ಸಾಕ್ಷಿಯನ್ನು ನೋಡುವ ಮೊದಲೇ ಅವನ ತಲೆಯಲ್ಲಿ ಸಂಚಿನ ಕಥೆ ಕೂತುಬಿಟ್ಟಿದೆ. ಊರೊಳಗಿನ ಯಾರೋ ದುಡ್ಡು ಕೊಟ್ಟು ಮಾಡಿಸಿದ್ದು, ಅಂದಮೇಲೆ ಲಾಭ ಯಾರಿಗೆ, ಕ್ರೆಯಾನ್‌ಗೆ. ಟೈರೀಸಿಯಸ್ ಬಾಯಿ ಬಿಟ್ಟಾಗ ಅವನಿಗೆ ಅಷ್ಟು ಬೇಗ ಕ್ರೆಯಾನ್ ಕಂಡದ್ದು ಅದಕ್ಕೇ. ಪತ್ತೇದಾರಿ ಮಾಡುವವನು ಮಾಡಬಾರದ ತಪ್ಪು ಇದು, ಅಲ್ವಾ?

ಇನ್ನೊಂದು ಗಂಟು ಇದೆ. ಸಾವಿನ ಸುದ್ದಿ ಬಂದದ್ದು ನೀನು ಪಟ್ಟಕ್ಕೆ ಬರುವ ಸ್ವಲ್ಪ ಮೊದಲು ಎಂದು ಜೊಕಾಸ್ಟಾ ಹೇಳುತ್ತಾಳೆ. ಅದೇ ಅವಳು, ಕೆಲವೇ ಸಾಲು ಬಿಟ್ಟು, ಆ ಆಳು ಮರಳಿ ಬಂದಾಗ ಪಟ್ಟದ ಮೇಲೆ ನೀನಿದ್ದೆ, ಅದನ್ನು ನೋಡಿ ಹೊಲಕ್ಕೆ ಕಳಿಸು ಎಂದು ಬೇಡಿದ ಎನ್ನುತ್ತಾಳೆ. ಹಾಗಾದರೆ ಮೊದಲ ಸುದ್ದಿ ತಂದವರು ಯಾರು? ಬದುಕಿ ಉಳಿದವನು ಅವನೊಬ್ಬನೇ ಅಲ್ಲವೇ? ಇದನ್ನು ಅಪ್ಪಯ್ಯನವರಿಗೆ ಓದಿ ಹೇಳಿ, ಅವರು ಏನೆನ್ನುತ್ತಾರೆ ತಿಳಿಯಬೇಕು.

ಪತ್ತೇದಾರಿ ಎಂದು ಓದುವುದು ಸರಿಯಾ ಎಂದು ಕೇಳಿದಿರಿ. ನಮಗೆ ಈಗ ಪರಿಚಯ ಇರುವ ಬಗೆಯ ಪತ್ತೇದಾರಿ ಕಥೆ 1841ರಲ್ಲಿ ಅಮೆರಿಕದ ಪೋ ಬರೆದ ಪ್ಯಾರಿಸ್ಸಿನ ಕೊಲೆಯ ಕಥೆಯಿಂದ ಶುರುವಾಯಿತು ಎನ್ನುತ್ತಾರೆ. ಆದರೆ ಜಾಡು ಹಿಡಿಯುವುದು ಸೊಫೊಕ್ಲಿಸ್‌ಗೆ ಬಹಳ ಇಷ್ಟದ ವಿಷಯ. ಈ ನಾಟಕದಲ್ಲೇ ಈಡಿಪಸ್ ಹಳೆಯ ಪಾಪದ ಜಾಡು ಎಲ್ಲಿ ಸಿಗಬೇಕು ಎಂದು ಕೇಳುತ್ತಾನೆ, ಒಂದು ಸುಳಿವೂ ಇಲ್ಲದೆ ನಾನೊಬ್ಬನೇ ದೂರ ಹೋಗಲಾರೆ ಎನ್ನುತ್ತಾನೆ. ಸೊಫೊಕ್ಲಿಸ್‌ನ 'ಏಜಾಕ್ಸ್' ನಾಟಕ ಶುರುವಾಗುವುದೇ ಒಡಿಸ್ಯೂಸ್ ನಾಯಿಯಂತೆ ನೆಲದ ಹೆಜ್ಜೆ ಗುರುತು ನೋಡುತ್ತಾ ಬರುವುದರಿಂದ. ಹಿಂದಿನ ರಾತ್ರಿ ದನಗಳನ್ನು ಕಡಿದು ಹಾಕಿದವನು ಯಾರೆಂದು ಅವನು ಹುಡುಕುತ್ತಿದ್ದಾನೆ. ಬಿ.ಎಂ.ಶ್ರೀಯವರು 1929ರಲ್ಲಿ 'ಅಶ್ವತ್ಥಾಮನ್' ಬರೆದದ್ದು ಈ 'ಏಜಾಕ್ಸ್' ಮಾದರಿ ಇಟ್ಟುಕೊಂಡೇ. ಸೊಫೊಕ್ಲಿಸ್‌ನದೇ ಇನ್ನೊಂದು ಹಾಸ್ಯದ ನಾಟಕ ಇದೆ, ಹೆಸರೇ 'ಜಾಡು ಹಿಡಿಯುವವರು' ಎಂದು. ಈಜಿಪ್ಟಿನ ಮರಳಿನಲ್ಲಿ ಹೂತಿದ್ದ ಹರಕು ಕಾಗದಗಳಲ್ಲಿ ಅದರ ಒಂದು ಭಾಗ ಸಿಕ್ಕಿ 1912ರಲ್ಲಿ ಅಚ್ಚಾಯಿತು. ಅಪೊಲೊ ದೇವರ ದನಗಳು ಕಳವಾಗಿವೆ, ಹುಡುಕಲು ಹೋದವರಿಗೆ ಗೊರಸಿನ ಗುರುತು ಹಿಂದುಮುಂದಾಗಿ ಕಾಣುತ್ತದೆ, ದನ ಒಳಗೆ ಹೋದವೋ ಹೊರಗೆ ಬಂದವೋ ತಿಳಿಯದೆ ಒದ್ದಾಡುತ್ತಾರೆ. ಸೊಫೊಕ್ಲಿಸ್ ನೂರಿಪ್ಪತ್ತಕ್ಕೂ ಜಾಸ್ತಿ ನಾಟಕ ಬರೆದವನು, ಪೂರ್ತಿ ಉಳಿದದ್ದು ಏಳು. ಉಳಿದದ್ದರಲ್ಲೇ ಇಷ್ಟು ಜಾಡು ಇದೆ.

ಈಗ ತೀರ್ಪು. ವಕೀಲರೇ, ಸಾಕ್ಷಿಯನ್ನು ಕೊಲೆಗೆಂದು ಕರೆಸಿದ್ದು ನಿಜ. ಆದರೆ ಅವನು ದಾರಿಯಲ್ಲಿರುವಾಗ ಕೊರಿಂಥದ ಮುದುಕ ಬರುತ್ತಾನೆ. ನಿನ್ನ ತಂದೆ ಪಾಲಿಬಸ್ ತೀರಿಕೊಂಡ, ಈಗ ನೀನೇ ಅಲ್ಲಿಯೂ ದೊರೆ ಎಂದು ಖುಷಿಯ ಸುದ್ದಿ ಹೇಳಲು ಬಂದವನು. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತೀ ಎಂದು ಡೆಲ್ಫಿಯ ದೇವರು ಹಿಂದೆ ಹೇಳಿದ್ದರಿಂದ ಈಡಿಪಸ್‌ಗೆ ತಾಯಿಯ ವಿಷಯದ ಹೆದರಿಕೆ ಇನ್ನೂ ಇದೆ ಎಂದು ಕಂಡು, ಹೆದರಬೇಡ, ಅವರು ನಿನ್ನ ಹೆತ್ತವರೇ ಅಲ್ಲ ಎಂದುಬಿಡುತ್ತಾನೆ. ಸಮಾಧಾನ ಮಾಡಲು ಹೋಗಿ ಎಲ್ಲ ಉರುಳಿಸಿದ. ಅರಿಸ್ಟಾಟಲ್ ಮೆಚ್ಚಿದ್ದು ಇದೇ ಜಾಗವನ್ನು. ಮಗುವನ್ನು ತನಗೆ ಕೊಟ್ಟವನು ಲಾಯಸ್ ಮನೆಯ ದನಕುರಿ ಕಾಯುವವ ಎಂದು ಅವನು ಹೇಳಿದಾಗ, ಊರ ಹಿರಿಯರ ಮೇಳ ಹೇಳುತ್ತದೆ, ನೀನು ಆಗಲೇ ಕರೆಸಲು ಹೇಳಿದ್ದೀಯಲ್ಲ, ಅದೇ ಆಳು ಅವನು ಎಂದು. ಕೊಲೆ ಕಂಡವನೂ ಮಗು ಒಯ್ದವನೂ ಒಬ್ಬನೇ! ಅಲ್ಲಿಗೆ ಎರಡು ಕೇಸು ಒಂದಾಯಿತು. 'ಕೊಂದದ್ದು ಯಾರು' ಎಂದು ಹೊರಟ ಮನುಷ್ಯ 'ನಾನು ಯಾರು' ಎಂಬಲ್ಲಿಗೆ ಬಂದು ನಿಂತಿದ್ದಾನೆ. ಲಾಯಸ್ ಮಗನಿಂದಲೇ ಸಾಯುತ್ತಾನೆ ಎಂಬ ಮಾತು ಒಂದು ಕಡೆ, ಆ ಮಗ ಬದುಕಿದ್ದಾನೆ ಎಂಬುದು ಇನ್ನೊಂದು ಕಡೆ, ನಡುವೆ ಮೂರು ದಾರಿಯ ಕತ್ರಿ. ಒಬ್ಬನೋ ಹಲವರೋ ಎಂದು ಆಮೇಲೆ ಕೇಳುವ ಶಕ್ತಿ ಯಾರಿಗೆ ಉಳಿದಿರುತ್ತದೆ? ಅದು ಸೊಫೊಕ್ಲಿಸ್ ಮರೆತದ್ದು ಎಂದು ನನಗೆ ಅನಿಸುವುದಿಲ್ಲ. ನಮ್ಮ ಅಪ್ಪಯ್ಯಂದಿರು ಕೇಳಲಿ ಎಂದೇ ಬಿಟ್ಟಿದ್ದಾನೆ.

ಒಂದು ಮಾತು ಸೇರಿಸುತ್ತೇನೆ, ಶಿರಸಿಯವರಿಗೆ ಖುಷಿ ಆಗಬಹುದು. ನಿಮ್ಮ ಊರಿನಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು ಬಿ.ವಿ. ಕಾರಂತರ ನಿರ್ದೇಶನದಲ್ಲಿ ಇದೇ ಲಂಕೇಶರ ಅನುವಾದಕ್ಕೆ ಈಡಿಪಸ್ ಆಗಿ ನಿಂತಿದ್ದರು.

ತಾಳಮದ್ದಳೆ ಕೇಳುಗ, ಹೊನ್ನಾವರ

ಕಥೆ ಮೊದಲೇ ಗೊತ್ತಿದ್ದರೆ ಪತ್ತೇದಾರಿ ಹೇಗೆ ಎಂಬ ಮಾತಿಗೆ ಮಾತ್ರ ಉತ್ತರ ಕೊಡುತ್ತೇನೆ, ಉಳಿದದ್ದು ಮೇಲಿನವರು ಹೇಳಿದ್ದಾರೆ.

ನಾವು ಕರ್ಣಪರ್ವದ ತಾಳಮದ್ದಳೆಗೆ ಹೋಗುವಾಗ ಕರ್ಣ ಬದುಕುತ್ತಾನಾ ಎಂದು ನೋಡಲು ಹೋಗುತ್ತೇವಾ? ಸಾಯುತ್ತಾನೆ ಎಂದು ಐದು ವರ್ಷದ ಮಗುವಿಗೂ ಗೊತ್ತು. ಆದರೂ ಬೆಳಗಿನವರೆಗೆ ಕೂರುತ್ತೇವೆ. ಯಾಕೆಂದರೆ ಅರ್ಥಧಾರಿ ಯಾವ ಮಾತಿನಿಂದ ಅವನನ್ನು ಅಲ್ಲಿಗೆ ತರುತ್ತಾನೆ ಎಂಬುದು ಗೊತ್ತಿಲ್ಲ. ಎದುರಿನ ಪಾತ್ರಧಾರಿ ಒಂದು ಪ್ರಶ್ನೆ ಹಾಕುತ್ತಾನೆ, ಇವನು ತಪ್ಪಿಸಿಕೊಳ್ಳುತ್ತಾನೆ, ಅವನು ಇನ್ನೊಂದು ಕಡೆಯಿಂದ ಬರುತ್ತಾನೆ, ಕೇಳುವವರು ಮುಂದಕ್ಕೆ ಬಾಗುತ್ತಾರೆ. ಟೈರೀಸಿಯಸ್ ಮತ್ತು ಈಡಿಪಸ್ ಎದುರುಬದುರು ನಿಂತ ಭಾಗವನ್ನು ಒಮ್ಮೆ ಮದ್ದಳೆ ಪಕ್ಕದಲ್ಲಿದೆ ಎಂದುಕೊಂಡು ಗಟ್ಟಿಯಾಗಿ ಓದಿ ನೋಡಿ. ಒಬ್ಬನಿಗೆ ಕಣ್ಣಿಲ್ಲ, ಎಲ್ಲ ಗೊತ್ತಿದೆ. ಇನ್ನೊಬ್ಬನಿಗೆ ಕಣ್ಣಿದೆ, ಏನೂ ಗೊತ್ತಿಲ್ಲ. ನಮ್ಮ ಒಳ್ಳೆಯ ಅರ್ಥಧಾರಿಗಳಿಗೆ ಈ ಭಾಗ ಕೊಟ್ಟರೆ ಎರಡು ತಾಸು ನಡೆಸುತ್ತಾರೆ.

ಗೊತ್ತಿದ್ದು ನೋಡುವವನಿಗೆ ಇನ್ನೊಂದು ಕಷ್ಟ ಇದೆ. ಅವನು ಪ್ರತಿ ಮಾತಿನಲ್ಲೂ ಬೇಡ, ಕೇಳಬೇಡ, ಇಲ್ಲಿಗೆ ನಿಲ್ಲಿಸು ಎಂದು ಒಳಗೇ ಅಂದುಕೊಳ್ಳುತ್ತಿರುತ್ತಾನೆ. ಕೊಂದವನನ್ನು ಮನೆಗೆ ಸೇರಿಸಬೇಡಿ, ನನ್ನ ಮನೆಯಲ್ಲೇ ನನಗೆ ಗೊತ್ತಿದ್ದು ಅವನಿದ್ದರೆ ಆ ಶಾಪ ನನಗೂ ತಟ್ಟಲಿ ಎಂದು ಈಡಿಪಸ್ ಊರೆದುರು ಸಾರುವಾಗ, ಗೊತ್ತಿಲ್ಲದವನಿಗೆ ಅದು ಒಳ್ಳೆಯ ದೊರೆಯ ಮಾತು. ಗೊತ್ತಿದ್ದವನಿಗೆ ಮೈ ನಡುಗುತ್ತದೆ. ಓದುಗಿಯವರೇ, ನಿಮ್ಮ ಅಪ್ಪಯ್ಯನಿಗೆ ಸಿಕ್ಕಿದ್ದು ಒಂದು ಓದು, ನಿಮಗೆ ಸಿಕ್ಕಿದ್ದು ಇನ್ನೊಂದು. ಹೊಟ್ಟೆಕಿಚ್ಚು ಬೇಡ.

ನಮ್ಮಲ್ಲಿ ತಂದೆಯನ್ನು ಮಗ ಕೊಲ್ಲುವ ಪ್ರಸಂಗ ಬಭ್ರುವಾಹನನದು. ಆದರೆ ಅವನಿಗೆ ಅರ್ಜುನ ತಂದೆ ಎಂದು ಗೊತ್ತು, ಕಪ್ಪ ತಗೊಂಡು ಮಗನಾಗಿಯೇ ಎದುರು ಹೋಗುತ್ತಾನೆ, ಅವಮಾನ ಆದಮೇಲೆ ಬಾಣ ಎತ್ತುತ್ತಾನೆ. ಸತ್ತ ಅರ್ಜುನ ಮತ್ತೆ ಏಳುತ್ತಾನೆ ಕೂಡ. ಗುಟ್ಟು ಬಯಲಾಗುವ ವಿಷಯಕ್ಕೆ ಹತ್ತಿರ ಇರುವುದು ಕರ್ಣನೇ. ಹುಟ್ಟಿದ ಕೂಡಲೇ ನೀರಿಗೆ ಬಿಟ್ಟ ಮಗು, ಬೇರೆ ಮನೆಯಲ್ಲಿ ಬೆಳೆದದ್ದು. ಅಲ್ಲಿ ಗುಟ್ಟು ಹೇಳುವವನು ಕೃಷ್ಣ, ಯುದ್ಧದ ಲೆಕ್ಕ ಹಾಕಿಯೇ ಹೇಳುತ್ತಾನೆ. ಇಲ್ಲಿ ಹೇಳುವವನು ಪಾಪದ ಮುದುಕ, ಒಳ್ಳೆಯದಾಗಲಿ ಎಂದು ಹೇಳುತ್ತಾನೆ. ಕೃಷ್ಣ ಹೇಳಿದಾಗ ಕರ್ಣನಿಗೆ ಸಿಟ್ಟು ಮಾಡಲು ಎದುರಿಗೆ ಒಬ್ಬನಿದ್ದಾನೆ. ಈಡಿಪಸ್‌ಗೆ ಸಿಟ್ಟು ಮಾಡಲೂ ಯಾರೂ ಇಲ್ಲ.

ತೋಟಿಗ, ಸಿದ್ದಾಪುರ

ನಾನು ನಾಟಕ ಓದಿಲ್ಲ, ಇಲ್ಲಿ ಬರೆದದ್ದನ್ನು ಮೊದಲಿನಿಂದ ಓದಿದೆ. ದನ ಕಾಯುವ ವಿಷಯ ಬಂದದ್ದರಿಂದ ಬರೆಯುತ್ತೇನೆ. ನಮ್ಮ ಮನೆಯ ದನಗಳನ್ನು ಸೊಪ್ಪಿನ ಬೆಟ್ಟಕ್ಕೆ ಹೊಡೆದುಕೊಂಡು ಹೋಗುತ್ತಾ ಬೆಳೆದವನು ನಾನು. ಗೊರಸಿನ ಜಾಡು ಹಿಂದುಮುಂದಾಗುವುದು ಎಂದರೆ ಏನು ಎಂದು ಗೊತ್ತು. ಮಳೆ ಬಿದ್ದ ಕೆಂಪು ಮಣ್ಣಿನಲ್ಲಿ ಏರು ಹತ್ತಿದ ದನದ ಹೆಜ್ಜೆ ಮುಂದೆ ಆಳ, ಇಳಿದದ್ದಾದರೆ ಜಾರಿದ ಗುರುತು ಬೇರೆ. ಕಲಿಯಲು ವರ್ಷ ಬೇಕು.

ಮಾಸ್ತರೇ, ಆ ಕೊರಿಂಥದ ಮುದುಕನೂ ಈ ಆಳೂ ಒಬ್ಬರಿಗೊಬ್ಬರು ಗೊತ್ತಿದ್ದವರಾ? ಗೊತ್ತಿದ್ದರೆ ಎಷ್ಟು ದಿನದ ಪರಿಚಯ? ನನಗೆ ಅದು ಮುಖ್ಯ ಅನಿಸುತ್ತದೆ.

ಇನ್ನು ಸಾಕ್ಷಿಯ ಮಾತು. ವಕೀಲರು ಅವನ ಹೇಳಿಕೆ ಹಿಡಿದು ವಾದ ಮಾಡಿದ್ದಾರೆ. ನಾನು ಅವನ ಜಾಗದಲ್ಲಿ ನಿಂತು ನೋಡಿದೆ. ಯಜಮಾನನನ್ನು ಕಾಯಬೇಕಾದವನು ಅವನನ್ನು ಬಿಟ್ಟು ಓಡಿ ಬಂದಿದ್ದಾನೆ. ಊರಿಗೆ ಬಂದು, ಒಬ್ಬನೇ ಹುಡುಗ, ಕೈಯಲ್ಲಿ ಬರೀ ದೊಣ್ಣೆ, ನಮ್ಮ ನಾಲ್ಕು ಜನರನ್ನು ಹೊಡೆದು ಹಾಕಿದ, ನಾನು ಓಡಿ ಬಂದೆ ಎಂದು ಯಾರಾದರೂ ಹೇಳುತ್ತಾರಾ? ಗುಂಪು ಬಂತು ಎಂದೇ ಹೇಳುತ್ತಾರೆ. ಆಮೇಲೆ ಅರಮನೆಗೆ ಹೋಗಿ ನೋಡಿದರೆ ಅದೇ ಹುಡುಗ ದೊರೆ. ಆ ಹೊತ್ತಿಗೆ ಅವನು ಮಾಡಿದ್ದು ಏನು? ಬಾಯಿ ಮುಚ್ಚಿದ. ರಾಣಿಯ ಕೈ ಹಿಡಿದು, ಊರು ಕಣ್ಣಿಗೆ ಕಾಣದಷ್ಟು ದೂರ ಕಳಿಸಿ ಎಂದ. ಕೊಂದವನ ಮುಖ ಗುರುತು ಸಿಗದಿದ್ದರೆ ಹಾಗೆ ಯಾಕೆ ಬೇಡುತ್ತಾನೆ? ಅರಮನೆಯ ಕೆಲಸ ಬಿಟ್ಟು ಬೆಟ್ಟದ ಚಳಿ ಯಾರಿಗೆ ಬೇಕು? ನಿಮ್ಮ ಅಪ್ಪಯ್ಯ ಕೇಳಿದ ಪ್ರಶ್ನೆಗೆ ಅವನು ಅವತ್ತೇ ಉತ್ತರ ಕೊಟ್ಟಿದ್ದಾನೆ. ರಾಣಿಗೆ ತಿಳಿಯಲಿಲ್ಲ ಅಷ್ಟೇ.

ಕುಮಟಾ ಮಾಸ್ತರು

ತೋಟಿಗರೇ, ನಾಟಕ ಓದದೆ ಇಷ್ಟು ಹಿಡಿದಿದ್ದೀರಿ, ನನಗೆ ಮಾತು ಹೊರಡುತ್ತಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಚೆನ್ನಾಗಿ ಗೊತ್ತಿದ್ದವರು. ಇಬ್ಬರೂ ಸಿಥೆರಾನ್ ಬೆಟ್ಟದಲ್ಲಿ ಮೇಯಿಸುತ್ತಿದ್ದರು. ಈ ಆಳಿನ ಹತ್ತಿರ ಎರಡು ಹಿಂಡು, ಕೊರಿಂಥದವನ ಹತ್ತಿರ ಒಂದು. ಬೇಸಿಗೆ ಶುರುವಾಗುವ ಮೊದಲಿನಿಂದ ಹಿಡಿದು ಸ್ವಾತಿ ನಕ್ಷತ್ರ ಬೆಳಗಿನ ಜಾವ ಕಾಣುವವರೆಗೆ, ಆರಾರು ತಿಂಗಳಂತೆ ಮೂರು ವರ್ಷ ಒಟ್ಟಿಗೆ ಇದ್ದರು. ಚಳಿ ಬಂದಾಗ ಅವರವರ ದೊಡ್ಡಿಗೆ ಹೋಗುತ್ತಿದ್ದರು. ಕೊರಿಂಥದವನು ಇದನ್ನೆಲ್ಲ ನೆನಪು ಮಾಡಿಕೊಟ್ಟಾಗ ಇವನು, ನಿಜ, ಬಹಳ ಹಿಂದಿನ ಮಾತು ಎನ್ನುತ್ತಾನೆ. ಆಮೇಲೆ ಆ ಮುದುಕ ಖುಷಿಯಲ್ಲಿ, ನೀನು ಕೊಟ್ಟ ಮಗು ಇದೇ ನೋಡು ಎಂದು ದೊರೆಯನ್ನು ತೋರಿಸುತ್ತಾನೆ. ಇವನು, ಹಾಳಾಗಿ ಹೋಗು, ಬಾಯಿ ಮುಚ್ಚು ಎನ್ನುತ್ತಾನೆ. ಎದುರಿಗೆ ಇರುವವನು ಯಾರೆಂದು ಪೂರ್ತಿ ತಿಳಿದವನು ಆ ಹೊತ್ತಿಗೆ ಹೊರಗೆ ಅವನೊಬ್ಬನೇ. ಜೊಕಾಸ್ಟಾಗೆ ಸ್ವಲ್ಪ ಮೊದಲೇ ತಿಳಿದಿದೆ, ನಿನ್ನ ಜೀವದ ಮೇಲೆ ಆಸೆ ಇದ್ದರೆ ಹುಡುಕುವುದನ್ನು ನಿಲ್ಲಿಸು ಎಂದು ಬೇಡಿಕೊಂಡು ಒಳಗೆ ಹೋಗಿಬಿಟ್ಟಿದ್ದಾಳೆ. ಆಳು ಕೂಡ ಬೇಡುತ್ತಾನೆ, ಮುಂದೆ ಕೇಳಬೇಡಿ ಎಂದು. ಹೇಳಬಾರದ ಮಾತಿನ ಅಂಚಿಗೆ ಬಂದಿದ್ದೇನೆ ಎನ್ನುತ್ತಾನೆ. ನಾನೂ ಕೇಳಬಾರದ್ದರ ಅಂಚಿಗೆ ಬಂದಿದ್ದೇನೆ, ಆದರೂ ಕೇಳಬೇಕು ಎನ್ನುತ್ತಾನೆ ಈಡಿಪಸ್. ನನಗೆ ಅವನ ಮೇಲೆ ಗೌರವ ಹುಟ್ಟುವುದು ಅಲ್ಲಿ. ಕೊಲೆಗಾರ ಸಿಕ್ಕಿದರೆ ತನಗೇ ಕೆಟ್ಟದ್ದು ಎಂದು ಅರ್ಧ ತಿಳಿದ ಮೇಲೂ ಅವನು ತನಿಖೆ ಬಿಡಲಿಲ್ಲ.

ಮಗುವನ್ನು ಸಾಯಲು ಬಿಡದೆ ಇನ್ನೊಬ್ಬನಿಗೆ ಯಾಕೆ ಕೊಟ್ಟೆ ಎಂದು ಕೊನೆಗೆ ಕೇಳುತ್ತಾನೆ. ಪಾಪ ಅನಿಸಿತು ಎನ್ನುತ್ತಾನೆ ಆ ಆಳು.

ಹಳೇ ವಕೀಲ, ಕಾರವಾರ

ತೋಟಿಗರ ಮಾತು ಓದಿ ನಾಟಕ ಮತ್ತೆ ತೆಗೆದೆ. ಸಾಕ್ಷಿಯ ಬಾಯಿಯಷ್ಟೇ ಅವನ ನಡತೆಯನ್ನೂ ನೋಡಬೇಕು ಎಂದು ಜೂನಿಯರುಗಳಿಗೆ ಹೇಳಿಕೊಟ್ಟವನು ನಾನು, ಇಲ್ಲಿ ನಾನೇ ಬಿಟ್ಟೆ. ಅವನು ಊರು ಬಿಟ್ಟು ಹೋದದ್ದು ದೊಡ್ಡ ಸಾಕ್ಷ್ಯ. ಆದರೂ ಅವನು ಹೆದರಲು ಇನ್ನೊಂದು ಕಾರಣ ಇರಬಹುದು ಎಂಬ ವಾದ ನನ್ನ ಕೈಯಲ್ಲಿ ಉಳಿದಿದೆ. ಕೊಲ್ಲು ಎಂದು ರಾಣಿ ಕೊಟ್ಟ ಮಗುವನ್ನು ಕೊಲ್ಲದೆ ಬಿಟ್ಟವನು ಅವನು. ದೊರೆ ಸತ್ತು ಹೊಸಬ ಬಂದಾಗ ಹಳೆಯದೆಲ್ಲ ಹೊರಬಂದೀತು ಎಂದು ಹೆದರಿರಬಹುದು. ಎರಡು ಗುಟ್ಟು ಹೊತ್ತವನು ಯಾವುದಕ್ಕೆ ಓಡಿದ ಎಂದು ಹೇಳುವುದು ಕಷ್ಟ. ತೀರ್ಪು ಬದಲಿಸುವುದಿಲ್ಲ, ಆದರೆ ಮೊದಲಿನಷ್ಟು ಗಟ್ಟಿಯಾಗಿ ಹೇಳುವುದೂ ಇಲ್ಲ.

ಹಳ್ಳಿ ಓದುಗಿ, ಶಿರಸಿ

ಎಲ್ಲವನ್ನೂ ಅಪ್ಪಯ್ಯನಿಗೆ ಓದಿ ಹೇಳಿದೆ. ಎರಡು ರಾತ್ರಿ ಬೇಕಾಯಿತು, ನಡುನಡುವೆ ನಿಲ್ಲಿಸಿ ನಾಟಕದ ಆ ಜಾಗ ಮತ್ತೆ ಓದಿಸುತ್ತಿದ್ದರು. ಏಕವಚನದ ವಿಷಯಕ್ಕೆ ತೊಡೆ ತಟ್ಟಿದರು. ಮೊದಲ ಸುದ್ದಿ ತಂದವರು ಯಾರು ಎಂಬ ಮಾಸ್ತರ ಗಂಟಿಗೆ, ಆಳು ಊರ ಹೊರಗೆ ನಿಂತು ಯಾರ ಹತ್ತಿರವೋ ಹೇಳಿ ಕಳಿಸಿರಬೇಕು, ತಾನು ಬರಲು ಧೈರ್ಯ ಆದದ್ದು ಆಮೇಲೆ ಎಂದರು. ನಾಟಕದಲ್ಲಿ ಹಾಗೆ ಇಲ್ಲ ಅಪ್ಪಯ್ಯ ಎಂದೆ. ಇಲ್ಲದಿದ್ದರೆ ಏನಾಯಿತು, ನಡೆದಿರಬಹುದಲ್ಲ ಎಂದರು.

ತೋಟಿಗರ ಮಾತು ಅವರಿಗೆ ಬಹಳ ಹಿಡಿಸಿದೆ. ಅವರ ಪ್ರಕಾರ ಕೇಸು ಅಲ್ಲಿಗೆ ಮುಗಿಯಿತು. ವಕೀಲರ ಎರಡು ಗುಟ್ಟಿನ ಮಾತಿಗೆ ಮಾತ್ರ ಉತ್ತರ ಹೇಳಲಿಲ್ಲ, ಇವತ್ತು ಬೆಳಗ್ಗೆ ತೋಟಕ್ಕೆ ಹೋಗುವಾಗಲೂ ಅದನ್ನೇ ಯೋಚಿಸುತ್ತಿದ್ದರು ಅನಿಸುತ್ತದೆ, ಆಯಿ ಎರಡು ಸಲ ಕೂಗಿದ್ದು ಕೇಳಿಸಲಿಲ್ಲ.

ನಿನ್ನೆ ರಾತ್ರಿ ಮಾತ್ರ ಮತ್ತೆ ಒಂದೇ ಜಾಗ ಓದು ಎಂದರು, ಆಳು ಪಾಪ ಅನಿಸಿತು ಎನ್ನುವಲ್ಲಿ. ಮೂರು ಸಲ ಓದಿಸಿದರು.

ಇನ್ನೂ ಹತ್ತು ದಿನ ಓದುವ ಹಾಗಿಲ್ಲ. ದನ ಕಡಿದವನ ಹೆಜ್ಜೆ ಹುಡುಕುವ ನಾಟಕ ಬೇಕಂತೆ. ಶಿರಸಿಯಲ್ಲಿ ಯಾರ ಹತ್ತಿರವಾದರೂ 'ಅಶ್ವತ್ಥಾಮನ್' ಇದ್ದರೆ ತಿಳಿಸಿ, ಬಂದು ತಗೊಂಡು ಹೋಗುತ್ತೇನೆ, ಓದಿ ಜೋಪಾನವಾಗಿ ತಂದುಕೊಡುತ್ತೇನೆ.